ಬಣ್ಣದ ಉಲ್ಲನ್ ಕೈಗೆ ಸಿಕ್ಕಿದೆ, ಯಾವ ಕೌಲ್ ಹೆಣೆಯೋಣ?

ಹಿಂದಿನ ಸಲ ಅಡಿಕೆ ಸುಲಿಯುವಾಗ ನಮ್ಮತ್ತೆಯ ಮಫ್ಲರ್ ತುದಿ ಮೆಟ್ಟುಗತ್ತಿಗೆ ಸಿಕ್ಕಿತು. ಮೊದಲ ದಿನ ನಾಲ್ಕು ಎಳೆ ಹೋಯಿತು. ವಾರ ಬಿಟ್ಟು ಮತ್ತೆ ಸಿಕ್ಕಿದಾಗ ಗೊಂಡೆಯೇ ಹೋಯಿತು. "ಈ ಜೋಲಾಡೋದು ಸಾಕು ಮಾರಾಯ್ತಿ. ಕುತ್ತಿಗೆಗೆ ಸುಮ್ನೆ ಕೂರೋ ಅಂಥದ್ದು ಏನಾದ್ರೂ ಹೆಣೆದು ಕೊಡು" ಅಂದರು.

ಹೆಣೆದು ಕೊಟ್ಟದ್ದು ಕೌಲ್. ಎರಡೂ ತುದಿ ಸೇರಿಸಿದ ಮಫ್ಲರ್, ಅಷ್ಟೇ. ಬಳೆಯ ಹಾಗೆ ದುಂಡಗಿರುತ್ತದೆ, ತಲೆಯ ಮೇಲಿಂದ ಹಾಕಿಕೊಳ್ಳುವುದು. ಕತ್ತಿಗೆ ಸಿಗುವ ತುದಿಯೇ ಇಲ್ಲ. ಬಚ್ಚಲೊಲೆಗೆ ಕಟ್ಟಿಗೆ ತಳ್ಳಲು ಬಗ್ಗಿದರೆ ಮುಂದೆ ಇಳಿಬೀಳುವುದಿಲ್ಲ. ಬೈಕಿನಲ್ಲಿ ಹಿಂದೆ ಕೂತರೆ ಗಾಳಿಗೆ ಹಾರುವುದಿಲ್ಲ. ನಮ್ಮ ಕಡೆ ಹಿಮ ಬೀಳುವ ಚಳಿಯೇನಲ್ಲ. ದೀಪಾವಳಿ ಕಳೆದ ಮೇಲೆ ಬೆಳಗಿನ ಇಬ್ಬನಿ ಶುರುವಾಗುತ್ತದೆ, ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುತ್ತದೆ. ಅಷ್ಟು ದಿನಕ್ಕೆ ಒಂದು ಕೌಲ್ ಧಾರಾಳ ಸಾಕು.

ಆ ಮೊದಲ ಕೌಲ್ ಬೆಚ್ಚಗಿತ್ತು. ಆದರೆ ನೋಡಲು ಚೆನ್ನಾಗಿರಲಿಲ್ಲ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಉಂಡೆ ನೋಡಿದಾಗ ನವಿಲುಗರಿಯೇ ಕೈಗೆ ಬಂದ ಹಾಗಿತ್ತು. ಹಸಿರು, ನೀಲಿ, ನೇರಳೆ, ನಡುವೆ ಒಂದು ಚೂರು ಅರಿಶಿನ. ಹೆಣೆದು ಮುಗಿಸಿದರೆ ಒಂದು ಮಗ್ಗುಲಲ್ಲಿ ಅರಿಶಿನದ ದೊಡ್ಡ ಕಲೆ, ಇನ್ನೊಂದು ಮಗ್ಗುಲಲ್ಲಿ ನೀಲಿ ಕಲೆ. "ಅಜ್ಜಿ ಸಾರು ಚೆಲ್ಲಿಕೊಂಡ ಹಾಗಿದೆ" ಅಂತ ಮಗಳು ನಕ್ಕಳು.

ನೂಲಿನಲ್ಲಿ ತಪ್ಪಿರಲಿಲ್ಲ. ನಾನು ಚಿತ್ರ ನೋಡಿ ನಮೂನೆ ಆರಿಸಿದ್ದೆ. ಆರಿಸಬೇಕಾದದ್ದು ಬಣ್ಣದ ಉದ್ದ ನೋಡಿ. ಒಂದು ಬಣ್ಣ ಎಷ್ಟು ದೂರ ಓಡಿ ಇನ್ನೊಂದಕ್ಕೆ ಜಾಗ ಬಿಡುತ್ತದೆ ಅನ್ನುವುದು ಗೊತ್ತಾದರೆ ಮುಕ್ಕಾಲು ಕೆಲಸ ಮುಗಿದ ಹಾಗೆ. ದುಂಡಗೆ ಹೆಣೆಯಬೇಕೋ ಪಟ್ಟಿಯಾಗಿಯೋ, ಬರೀ ಸೀದಾ ಸಾಕೋ ಬೇರೆ ಹೆಣಿಗೆ ಬೇಕೋ, ಎಲ್ಲ ಅದರಿಂದಲೇ ಗೊತ್ತಾಗುತ್ತದೆ.

ಉಂಡೆ ಬಿಚ್ಚಿ ಅಳೆಯಿರಿ

ಅಂಗಡಿಯಲ್ಲಿ ಎಲ್ಲಕ್ಕೂ ಮಲ್ಟಿಕಲರ್ ಅಥವಾ ಶೇಡೆಡ್ ಅಂತ ಒಂದೇ ಹೆಸರು. ಆದರೆ ಒಳಗೆ ಬೇರೆ ಬೇರೆ ಜಾತಿ ಇವೆ.

ಕೆಲವು ಉಂಡೆಗಳಲ್ಲಿ ಗೇಣಿಗೊಂದು, ಮೊಳಕ್ಕೊಂದು ಬಣ್ಣ. ಬೇಗ ಬೇಗ ಬದಲಾಗುತ್ತದೆ. ಕಲೆ ಕಟ್ಟುವ ಕಾಟ ಜಾಸ್ತಿ ಇರುವುದು ಇದರಲ್ಲೇ. ಇನ್ನು ಕೆಲವುಗಳಲ್ಲಿ ಒಂದೇ ಬಣ್ಣ ನಾಲ್ಕೈದು ಮಾರು ಓಡುತ್ತದೆ. ಹೆಣೆಯುತ್ತ ಹೋದರೆ ಪಟ್ಟೆಗಳು ತಾವಾಗಿ ಬರುತ್ತವೆ. ಮೂರನೆಯದು ಉಂಡೆಯ ಈ ತುದಿಯಿಂದ ಆ ತುದಿಗೆ ಮೆಲ್ಲಗೆ ಬದಲಾಗುವುದು. ಕಡು ನೀಲಿಯಲ್ಲಿ ಶುರುವಾಗಿ ಬೂದಿ ಬಣ್ಣದಲ್ಲಿ ಮುಗಿಯುವ ಹಾಗೆ. ಇವಲ್ಲದೆ ಬಿಳಿಯ ಮೇಲೆ ಅಲ್ಲಲ್ಲಿ ಬಣ್ಣ ಸಿಡಿಸಿದ ಚುಕ್ಕೆ ನೂಲು ಇದೆ. ಅದಕ್ಕೆ ಯಾವ ಲೆಕ್ಕವೂ ಬೇಡ, ಹೇಗೆ ಹೆಣೆದರೂ ಚೆಂದ.

ಅಳೆಯುವುದು ಹೇಗೆ? ನೂಲನ್ನು ಜಗಲಿಯ ಮೇಲೆ ಉದ್ದಕ್ಕೆ ಹಾಸಿ. ಒಂದು ಬಣ್ಣ ಶುರುವಾದ ಕಡೆಯಿಂದ ಹೊರಟು, ಎಲ್ಲ ಬಣ್ಣವೂ ಮುಗಿದು ಅದೇ ಬಣ್ಣ ಮತ್ತೆ ಬರುವವರೆಗೆ ಟೇಪ್ ಹಿಡಿಯಿರಿ. ಇದನ್ನು ನಾನು ಒಂದು ಸರದಿ ಅನ್ನುತ್ತೇನೆ. ಕೈಯಲ್ಲಿ ಬಣ್ಣ ಹಾಕಿದ ಲಡಿಯಾದರೆ ಕೆಲಸ ಇನ್ನೂ ಸುಲಭ. ಲಡಿಯನ್ನು ಬಿಡಿಸಿ ಹಿಡಿದರೆ ಅದರ ಒಂದು ಸುತ್ತಿನ ಉದ್ದವೇ ಸರದಿಯ ಉದ್ದ. ಸಾಮಾನ್ಯವಾಗಿ ಒಂದೂವರೆ ಮೀಟರ್ ಆಸುಪಾಸು ಇರುತ್ತದೆ.

ಇನ್ನು ನಿಮ್ಮ ಕೈ ಎಷ್ಟು ನೂಲು ತಿನ್ನುತ್ತದೆ ಅಂತ ತಿಳಿಯಬೇಕು. ಒಂದು ಚಿಕ್ಕ ತುಂಡು ಹೆಣೆಯಿರಿ. ಒಂದು ಸಾಲಿನ ನಡುವೆ 10 ಕುಣಿಕೆ ಎಣಿಸಿ, ಶುರುವಿಗೂ ಕೊನೆಗೂ ನೂಲಿಗೆ ಪೆನ್ನಿನ ಗುರುತು ಹಾಕಿ, ಬಿಚ್ಚಿ ಅಳೆಯಿರಿ. ಮಧ್ಯಮ ದಪ್ಪದ ನೂಲು, 4 ಮಿ.ಮೀ. ಕಡ್ಡಿ, ಬರೀ ಸೀದಾ ಹೆಣಿಗೆ, ಅಂದರೆ ಮುಂದಿನ ಮಗ್ಗುಲಲ್ಲಿ ಸೀದಾ ಕುಣಿಕೆಗಳೇ ಕಾಣುವುದು (ಪಟ್ಟಿಯಾದರೆ ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ). ಇದರಲ್ಲಿ ನನ್ನ 10 ಕುಣಿಕೆಗೆ 14 ಸೆಂ.ಮೀ. ನೂಲು ಬೇಕು. ಬಟ್ಟೆಯಲ್ಲಿ 10 ಸೆಂ.ಮೀ.ಗೆ 22 ಕುಣಿಕೆ ಕೂರುತ್ತವೆ. 60 ಸೆಂ.ಮೀ. ಸುತ್ತಳತೆಯ ಕೌಲ್‌ಗೆ 132 ಕುಣಿಕೆ. ಅಂದರೆ ಒಂದು ಸುತ್ತಿಗೆ ಸುಮಾರು 185 ಸೆಂ.ಮೀ. ನೂಲು.

ನನ್ನ ನವಿಲುಗರಿ ಉಂಡೆಯ ಸರದಿ ಆಮೇಲೆ ಅಳೆದೆ. 184 ಸೆಂ.ಮೀ.! ಬೇಕೂಂತ ಕೂರಿಸಿದರೂ ಅಷ್ಟು ಸರಿಯಾಗಿ ಕೂರುತ್ತಿರಲಿಲ್ಲ. ಪ್ರತಿ ಸುತ್ತಿನಲ್ಲೂ ಅರಿಶಿನ ಅರಿಶಿನದ ಮೇಲೆಯೇ ಬಂತು, ನೀಲಿ ನೀಲಿಯ ಮೇಲೆಯೇ ಬಂತು. ಕಲೆ ಕಟ್ಟದೆ ಇನ್ನೇನಾಗುತ್ತದೆ?

ಸುತ್ತಿನ ಉದ್ದ ಸರದಿಗೆ ಸಮ ಆದರೂ ಹೀಗೆಯೇ, ಸರಿಯಾಗಿ ಎರಡರಷ್ಟಾದರೂ ಹೀಗೆಯೇ. ಒಂದು ಹತ್ತು ಹನ್ನೆರಡು ಕುಣಿಕೆ ಹೆಚ್ಚು ಕಡಿಮೆ ಮಾಡಿದರೆ ಪ್ರತಿ ಸುತ್ತಿಗೂ ಬಣ್ಣ ಸ್ವಲ್ಪ ಸ್ವಲ್ಪ ಜರುಗಿ, ಕೌಲ್ ಸುತ್ತ ಓರೆಯಾಗಿ ಬಳ್ಳಿ ಹತ್ತಿದ ಹಾಗೆ ಕಾಣುತ್ತದೆ. ಒಂದೂವರೆ ಮೀಟರ್ ಸರದಿಯ ಲಡಿಗೆ ನನ್ನ 132 ಕುಣಿಕೆ ಹಾಗೆಯೇ ಒಪ್ಪಿತು. ಅದೇ ಲಡಿಗೆ 107 ಕುಣಿಕೆ ಹಾಕಿದ್ದರೆ ಮತ್ತೆ ಸಾರಿನ ಕಲೆ.

ಬೇಕೆಂದೇ ಬಣ್ಣದ ಮೇಲೆ ಬಣ್ಣ ಕೂರಿಸಿ ಚೌಕುಳಿ ಮಾಡುವವರೂ ಇದ್ದಾರೆ. ಅದಕ್ಕೆ ಕೈಯ ಬಿಗಿ ಶುರುವಿನಿಂದ ಕೊನೆತನಕ ಒಂದೇ ಸಮ ಇರಬೇಕು. ನಡುವೆ ಕುಕ್ಕರ್ ಕೂಗಿದರೆ ನನ್ನ ಬಿಗಿಯೇ ಬದಲಾಗುತ್ತದೆ. ಹಾಗಾಗಿ ಆ ದಾರಿಗೆ ನಾನು ಹೋಗಿಲ್ಲ.

ದುಂಡಗೋ, ಪಟ್ಟಿಯೋ?

ಕೌಲ್ ಹೆಣೆಯಲು ಮುಖ್ಯವಾಗಿ ಎರಡು ದಾರಿ. ವೈರ್ ಇರುವ ಸರ್ಕ್ಯುಲರ್ ಕಡ್ಡಿಯಲ್ಲಿ ದುಂಡಗೆ ಸುತ್ತುತ್ತ ಹೋಗುವುದು ಒಂದು. ಎರಡು ಸಾದಾ ಕಡ್ಡಿಯಲ್ಲಿ ಉದ್ದ ಪಟ್ಟಿ ಹೆಣೆದು, ಕೊನೆಗೆ ತುದಿಗಳನ್ನು ಸೇರಿಸಿ ಹೊಲಿಯುವುದು ಇನ್ನೊಂದು. ಹೆಚ್ಚಿನವರು ಕಡ್ಡಿ ಯಾವುದಿದೆ ಅಂತ ನೋಡಿ ದಾರಿ ಆರಿಸುತ್ತಾರೆ. ಬಣ್ಣದ ನೂಲಿಗೆ ಇದು ತಪ್ಪು. ಒಂದೇ ಉಂಡೆ ಈ ಎರಡರಲ್ಲಿ ಎರಡು ಬೇರೆ ಸೀರೆಯ ಹಾಗೆ ಕಾಣುತ್ತದೆ.

ಲೆಕ್ಕ ನೋಡಿ. ದುಂಡಗೆ ಹೆಣೆದರೆ ಸುತ್ತಿಗೆ 185 ಸೆಂ.ಮೀ. ಬೇಕು ಅಂದೆನಲ್ಲ. ನಾಲ್ಕು ಮೀಟರ್ ಓಡುವ ಬಣ್ಣ ಎರಡೇ ಸುತ್ತಿಗೆ ಮುಗಿಯುತ್ತದೆ. ಕುತ್ತಿಗೆಯ ಸುತ್ತ ಅಡ್ಡಡ್ಡಕ್ಕೆ ಸಣ್ಣ ಗೆರೆ, ಅರ್ಧ ಬೆರಳಿನ ದಪ್ಪವೂ ಬರುವುದಿಲ್ಲ. ಅದೇ ನೂಲಿನಲ್ಲಿ 22 ಸೆಂ.ಮೀ. ಅಗಲದ ಪಟ್ಟಿ ಹೆಣೆದರೆ ಸಾಲಿಗೆ 48 ಕುಣಿಕೆ, 67 ಸೆಂ.ಮೀ. ನೂಲು. ನಾಲ್ಕು ಮೀಟರಿಗೆ ಆರು ಸಾಲು, ಅಂದರೆ 2 ಸೆಂ.ಮೀ. ದಪ್ಪದ ಪಟ್ಟೆ. ಪಟ್ಟಿಯನ್ನು ಕುತ್ತಿಗೆಗೆ ಸುತ್ತಿದಾಗ ಈ ಪಟ್ಟೆಗಳು ಅಡ್ಡ ಇರುವುದಿಲ್ಲ, ಮೇಲಿಂದ ಕೆಳಗೆ ನಿಲ್ಲುತ್ತವೆ. ಉದ್ದ ಓಡುವ ಬಣ್ಣಕ್ಕೆ ನಾನು ಯಾವಾಗಲೂ ಪಟ್ಟಿಯನ್ನೇ ಹೆಣೆಯುತ್ತೇನೆ. ದುಂಡಗೆ ಹೆಣೆದರೆ ಅಂಥ ನೂಲಿಗೆ ಕೊಟ್ಟ ದುಡ್ಡು ದಂಡ ಅನ್ನಿಸುತ್ತದೆ.

ಮೆಲ್ಲಗೆ ಬದಲಾಗುವ ನೂಲಿಗೆ ಮಾತ್ರ ದುಂಡು ಹೆಣಿಗೆಯೇ ಸರಿ. ಕೆಳಗೆ ಕಡು ಬಣ್ಣ, ಗಲ್ಲದ ಹತ್ತಿರ ತಿಳಿ ಬಣ್ಣ. ಆಗುಂಬೆಯ ಸಂಜೆಯ ಆಕಾಶದ ಹಾಗೆ ಒಂದರೊಳಗೊಂದು ಕರಗುತ್ತದೆ. ಇದನ್ನೇ ಪಟ್ಟಿಯಾಗಿ ಹೆಣೆದು ಜೋಡಿಸಿದರೆ ಹೊಲಿಗೆಯ ಈ ಕಡೆ ಕಡು ನೀಲಿ, ಆ ಕಡೆ ಬೂದಿ, ನಡುವೆ ಗೋಡೆ ಎಬ್ಬಿಸಿದ ಹಾಗಾಗುತ್ತದೆ.

ಗೇಣಿಗೊಂದು ಬಣ್ಣದ ನೂಲು ಎರಡರಲ್ಲೂ ನಡೆಯುತ್ತದೆ. ಅದರ ಕತೆ ನಿಂತಿರುವುದು ಹೆಣಿಗೆಯ ಮೇಲೆ. ಅದಕ್ಕೆ ಆಮೇಲೆ ಬರುತ್ತೇನೆ.

ಕಷ್ಟ ಸುಖ ನೋಡಿದರೆ, ಹೊಸಬರಿಗೆ ಪಟ್ಟಿ ಸುಲಭ. ಮಫ್ಲರ್ ಹೆಣೆದ ಕೈ ಇದನ್ನೂ ಹೆಣೆಯುತ್ತದೆ. ಹೊಲಿಗೆ ಕಾಣುತ್ತದೆ ಅಂತ ಬೇಜಾರಾದರೆ ಅದನ್ನು ಜಡೆಯ ಹಿಂದಕ್ಕೆ ತಿರುಗಿಸಿಕೊಳ್ಳಿ. ಅಥವಾ ಹೊಲಿಯಲೇ ಬೇಡಿ, ಒಂದು ತುದಿಗೆ ಮೂರು ಗುಂಡಿ ಹಾಕಿ. ಹೂ ಮುಡಿಯುವವರಿಗೆ ಗುಂಡಿಯ ಕೌಲ್ ದೊಡ್ಡ ಉಪಕಾರ. ತಲೆಯ ಮೇಲಿಂದ ಎಳೆದುಕೊಂಡರೆ ಮಲ್ಲಿಗೆ ಅಪ್ಪಚ್ಚಿ ಆಗುತ್ತದಲ್ವಾ?

ದುಂಡು ಹೆಣಿಗೆಯಲ್ಲಿ ತಲೆ ಬಿಸಿ ಇರುವುದು ಒಂದೇ ಜಾಗದಲ್ಲಿ. ಮೊದಲ ಸುತ್ತು ಸೇರಿಸುವಾಗ ಕುಣಿಕೆಗಳು ಕಡ್ಡಿಯ ಮೇಲೆ ತಿರುಚಿಕೊಂಡಿರಬಾರದು. ನಾನೊಮ್ಮೆ ತೀರ್ಥಹಳ್ಳಿ ಬಸ್ಸಿನಲ್ಲಿ ಕೂತು ಸೇರಿಸಿದೆ. ಸಕ್ರೆಬೈಲು ಬರುವಷ್ಟರಲ್ಲಿ ಮೂರು ಸುತ್ತು ಆಗಿತ್ತು, ಮಂಡಗದ್ದೆ ದಾಟಿದಾಗ ಏಳು. ಆಗ ನೋಡಿದರೆ ಇಡೀ ಕೆಲಸ ಹಗ್ಗದ ಹಾಗೆ ತಿರುಚಿದೆ. ಇದಕ್ಕೆ ರಿಪೇರಿ ಇಲ್ಲ, ಬಿಚ್ಚುವುದೇ. ಮೊದಲ ಎರಡು ಸಾಲನ್ನು ಸೇರಿಸದೆ ಹಿಂದೆ ಮುಂದೆ ಹೆಣೆದು, ಆಮೇಲೆ ಸೇರಿಸಿದರೆ, ತಿರುಚಿದ್ದರೆ ಸೇರಿಸುವಾಗಲೇ ಕಣ್ಣಿಗೆ ಬೀಳುತ್ತದೆ. ಬುಡದಲ್ಲಿ ಉಳಿಯುವ ಚಿಕ್ಕ ಸೀಳನ್ನು ತುದಿ ದಾರದಲ್ಲೇ ಹೊಲಿದರಾಯಿತು.

ಕ್ರೋಶಾ ಬರುವವರು ಕೇಳಬಹುದು, ಅದರಲ್ಲೇ ಮಾಡಬಾರದಾ ಅಂತ. ಮಾಡಬಹುದು, ಬೇಗವೂ ಆಗುತ್ತದೆ. ಆದರೆ ಕ್ರೋಶಾ ನೂಲು ಜಾಸ್ತಿ ತಿನ್ನುತ್ತದೆ, ಬಟ್ಟೆ ಸ್ವಲ್ಪ ಬಿರುಸಾಗುತ್ತದೆ. ತೋರಣಕ್ಕೆ, ಟೇಬಲ್ ಮೇಲಿನ ಹೊದಿಕೆಗೆ ಅದು ಚೆಂದ. ಕುತ್ತಿಗೆಗೆ ನನ್ನ ಮತ ಕಡ್ಡಿಯ ಹೆಣಿಗೆಗೆ.

ಯಾವ ಹೆಣಿಗೆ?

ಮೊದಲು ಬೇಡದ್ದನ್ನು ಹೇಳಿಬಿಡುತ್ತೇನೆ. ಜಡೆ ಹೆಣಿಗೆ, ಎಲೆ ಬಳ್ಳಿಯ ಜಾಲರಿ ಇವೆಲ್ಲ ಒಂದೇ ಬಣ್ಣದ ನೂಲಿಗೆ. ಬಣ್ಣದ ನೂಲಿನಲ್ಲಿ ಹೆಣೆದರೆ ಎರಡೂ ಒಂದನ್ನೊಂದು ನುಂಗುತ್ತವೆ. ಹದಿನೈದು ದಿನ ಕಣ್ಣು ಕಿರಿದು ಮಾಡಿ ಜಡೆ ಹಾಕಿದೆ, ಒಬ್ಬರಿಗೂ ಕಾಣಲಿಲ್ಲ. ಕಂಡದ್ದು ಬಣ್ಣ ಮಾತ್ರ.

ಬರೀ ಸೀದಾ ಹೆಣಿಗೆ ಬಣ್ಣವನ್ನು ಅತ್ಯಂತ ಸ್ವಚ್ಛವಾಗಿ ತೋರಿಸುತ್ತದೆ. ದುಂಡಗೆ ಹೆಣೆಯುವಾಗ ಉಲ್ಟಾ ಸಾಲಿನ ಮಾತೇ ಇಲ್ಲ. ಟಿವಿ ನೋಡುತ್ತ ಹೆಣೆಯಬಹುದು. ಮೆಲ್ಲಗೆ ಬದಲಾಗುವ ನೂಲಿಗೂ ಚುಕ್ಕೆ ನೂಲಿಗೂ ಇದನ್ನು ಬಿಟ್ಟು ಬೇರೆ ಯೋಚನೆ ಮಾಡಬೇಡಿ. ಒಂದೇ ತೊಂದರೆ, ಅಂಚು ಸುರುಳಿ ಸುತ್ತುತ್ತದೆ. ಅದಕ್ಕೆ ಕೆಳಗೂ ಮೇಲೂ ಐದಾರು ಸುತ್ತು ಒಂದು ಸೀದಾ ಸುತ್ತು, ಒಂದು ಉಲ್ಟಾ ಸುತ್ತು ಅಂತ ಹಾಕಬೇಕು.

ಗಾರ್ಟರ್ ಹೆಣಿಗೆ, ಅಂದರೆ ಪಟ್ಟಿಯಲ್ಲಿ ಎಲ್ಲ ಸಾಲೂ ಸೀದಾ. ಅಂಚು ಸುರುಳಿಯಾಗುವುದಿಲ್ಲ, ಎರಡು ಕಡೆಯೂ ಒಂದೇ ಥರ, ಮೆತ್ತಗೆ ದಪ್ಪಗೆ ಇರುತ್ತದೆ. ಬಣ್ಣ ಬದಲಾಗುವ ಕಡೆ ಒಂದು ಮಗ್ಗುಲಲ್ಲಿ ಎರಡೂ ಬಣ್ಣದ ಚುಕ್ಕಿ ಸಾಲು ಬೀಳುತ್ತದೆ. ಉದ್ದ ಬಣ್ಣದ ಪಟ್ಟಿಗೆ ಇದು ಹೊಂದುತ್ತದೆ. ಹೊಸಬರ ಮೊದಲ ಕೌಲ್ ಇದೇ ಇರಲಿ. ಸಾಲುಗಳು ಒತ್ತಾಗಿ ಕೂರುವುದರಿಂದ ನೂಲು ಮಾತ್ರ ಜಾಸ್ತಿ ಬೇಕು.

ಗೇಣಿಗೊಂದು ಬಣ್ಣದ ಹಠಮಾರಿ ನೂಲಿಗೆ ನನಗೆ ಸಿಕ್ಕ ಮದ್ದು ಲಿನನ್ ಹೆಣಿಗೆ. ಹೆಸರು ದೊಡ್ಡದು, ಕೆಲಸ ಸಣ್ಣದು. ಒಂದು ಕುಣಿಕೆ ಸೀದಾ ಹೆಣೆಯಿರಿ. ನೂಲನ್ನು ಮುಂದೆ ತನ್ನಿ. ಮುಂದಿನ ಕುಣಿಕೆಯನ್ನು ಹೆಣೆಯದೆ ಹಾಗೆಯೇ ಬಲಗಡ್ಡಿಗೆ ಜಾರಿಸಿ. ನೂಲು ಹಿಂದಕ್ಕೆ. ಮತ್ತೆ ಒಂದು ಸೀದಾ. ದುಂಡಗೆ ಹೆಣೆಯುವಾಗ ಕುಣಿಕೆ ಬೆಸ ಸಂಖ್ಯೆಯಲ್ಲಿರಲಿ, 131 ಅಥವಾ 133. ಆಗ ಈ ಒಂದೇ ನಿಯಮ ಮೊದಲಿಂದ ಕೊನೆತನಕ ನಡೆಯುತ್ತದೆ. ಹಿಂದಿನ ಸುತ್ತಿನಲ್ಲಿ ಜಾರಿಸಿದ್ದು ಈ ಸುತ್ತಿನಲ್ಲಿ ತಾನಾಗಿ ಹೆಣಿಗೆಗೆ ಬರುತ್ತದೆ.

ಜಾರಿಸಿದ ಕುಣಿಕೆ ಹಿಂದಿನ ಸುತ್ತಿನ ಬಣ್ಣವನ್ನು ಮೇಲಕ್ಕೆ ಎಳೆದು ತರುತ್ತದೆ. ಅದರ ಮುಂದೆ ಈ ಸುತ್ತಿನ ಬಣ್ಣದ ಸಣ್ಣ ಗೆರೆ ಹಾಯುತ್ತದೆ. ಹೀಗಾಗಿ ಯಾವ ಬಣ್ಣವೂ ಒಂದೇ ಕಡೆ ಗುಂಪು ಕಟ್ಟುವುದಿಲ್ಲ. ದೂರದಿಂದ ನೋಡಿದರೆ ಹೆಣಿಗೆ ಅಂತಲೇ ಗೊತ್ತಾಗುವುದಿಲ್ಲ, ಮಗ್ಗದಲ್ಲಿ ನೇಯ್ದ ಬಟ್ಟೆಯ ಹಾಗಿರುತ್ತದೆ. ನನ್ನ ನವಿಲುಗರಿ ಉಂಡೆಯನ್ನು ಪೂರ್ತಿ ಬಿಚ್ಚಿ ಇದರಲ್ಲಿ ಮತ್ತೆ ಹೆಣೆದೆ. ಆಗ ಅದು ನಿಜಕ್ಕೂ ನವಿಲುಗರಿ ಆಯಿತು.

ಆದರೆ ಇದಕ್ಕೆ ಎರಡು ಷರತ್ತು. ಕಡ್ಡಿ ದಪ್ಪದ್ದೇ ಬೇಕು. 4 ಮಿ.ಮೀ. ಹೇಳಿದ ನೂಲಿಗೆ 5 ಅಥವಾ 5.5 ಹಿಡಿಯಿರಿ, ಇಲ್ಲದಿದ್ದರೆ ಚಾಪೆಯಷ್ಟು ಬಿರುಸು. ಎರಡನೆಯದು ತಾಳ್ಮೆ. ಒಂದು ಸುತ್ತಿನಲ್ಲಿ ಅರ್ಧ ಕುಣಿಕೆ ಮಾತ್ರ ಹೆಣೆಯುವುದರಿಂದ ಅಷ್ಟೇ ಎತ್ತರಕ್ಕೆ ಸುತ್ತು ಸುಮಾರು ದುಪ್ಪಟ್ಟು. ಜಾರಿಸಿದ ಕುಣಿಕೆ ನೂಲು ಕಡಿಮೆ ತಿನ್ನುವುದರಿಂದ ಮೇಲೆ ಹೇಳಿದ 14 ಸೆಂ.ಮೀ. ಲೆಕ್ಕವೂ ಇಲ್ಲಿ ನಡೆಯುವುದಿಲ್ಲ.

ಅಷ್ಟು ತಾಳ್ಮೆ ಇಲ್ಲದವರಿಗೆ ಒಂದು ಸೀದಾ ಒಂದು ಉಲ್ಟಾ ಹಾಕುವ ಸಾಸಿವೆ ಹೆಣಿಗೆ ಇದೆ. ಇದಕ್ಕೂ ಬೆಸ ಸಂಖ್ಯೆ. ಕಾಳು ಕಾಳಾಗಿ ಬಣ್ಣ ಒಡೆಯುತ್ತದೆ, ಲಿನನ್‌ನಷ್ಟು ಚೆನ್ನಾಗಿ ಅಲ್ಲ. ಅಥವಾ ಎರಡು ಉಂಡೆ ತಂದು ಎರಡೆರಡು ಸುತ್ತಿಗೆ ಉಂಡೆ ಬದಲಿಸಿ. ಕಲೆ ಹೋಗುತ್ತದೆ, ನೂಲು ಒಂದಕ್ಕೊಂದು ಸುತ್ತಿಕೊಳ್ಳುವ ರಗಳೆ ಬರುತ್ತದೆ. ಮನೆಯಲ್ಲಿ ಬೆಕ್ಕಿದ್ದರೆ ಈ ದಾರಿ ಬೇಡ.

ಇನ್ನೊಂದು ಅಲೆ ಹೆಣಿಗೆ. ಇದು ಪಟ್ಟೆ ನೂಲಿಗೆ ಹೇಳಿ ಮಾಡಿಸಿದ್ದು, ಮತ್ತು ದುಂಡಗೆ ಹೆಣೆದರೂ ನಡೆಯುವಂಥದ್ದು. 18ರ ಲೆಕ್ಕದಲ್ಲಿ ಕುಣಿಕೆ ಹಾಕಬೇಕು. 126 ಸರಿಯಾಗುತ್ತದೆ. ಎರಡು ಸುತ್ತು ಸೀದಾ. ಮೂರನೇ ಸುತ್ತಿನಲ್ಲಿ ಎರಡೆರಡು ಕುಣಿಕೆ ಸೇರಿಸಿ ಮೂರು ಸಲ, ನೂಲು ಸುತ್ತಿ ಒಂದು ಸೀದಾ ಅಂತ ಆರು ಸಲ, ಮತ್ತೆ ಎರಡೆರಡು ಸೇರಿಸಿ ಮೂರು ಸಲ. ನಾಲ್ಕನೇ ಸುತ್ತು ಪೂರ್ತಿ ಉಲ್ಟಾ. ಇಷ್ಟೇ. ಸಣ್ಣ ಗೆರೆಗಳೇ ಬಾಗಿ ಬಳುಕಿ ತುಂಗೆಯ ನೀರಿನ ಹಾಗೆ ಕಾಣುತ್ತವೆ. ತೂತುಗಳಿರುವುದರಿಂದ ಬಟ್ಟೆ ಹಗುರ. ಶಿವಮೊಗ್ಗ, ಭದ್ರಾವತಿ ಕಡೆಯ ಚಳಿಗೆ ಹಗುರವೇ ವಾಸಿ. ಆದರೆ ತೋಟಕ್ಕೆ, ಕಾಫಿ ಗಿಡದ ನಡುವೆ ಹಾಕಿಕೊಂಡು ಹೋಗಬೇಡಿ. ಪ್ರತಿ ತೂತಿಗೂ ಒಂದು ಕಡ್ಡಿ ಸಿಕ್ಕಿಕೊಳ್ಳುತ್ತದೆ.

ನೂಲು: ಅಕ್ರಿಲಿಕ್ಕೋ, ಉಣ್ಣೆಯೋ?

ಪೇಟೆಯ ಅಂಗಡಿಯಲ್ಲಿ ಉಲ್ಲನ್ ಅಂತ ಕೊಡುವುದರಲ್ಲಿ ಜಾಸ್ತಿ ಪಾಲು ಅಕ್ರಿಲಿಕ್. ಅದರಲ್ಲಿ ನಾಚಿಕೆಯೇನಿಲ್ಲ. ಬೆಲೆ ಕಡಿಮೆ, ಬಣ್ಣ ಗಾಢ, ಚುಚ್ಚುವುದಿಲ್ಲ, ನುಸಿ ತಿನ್ನುವುದಿಲ್ಲ. ಮುಖ್ಯವಾಗಿ ಬೇಗ ಒಣಗುತ್ತದೆ. ವರ್ಷಕ್ಕೆ ಸರಾಸರಿ 7000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯಲ್ಲಿ, ಆಷಾಢದಲ್ಲಿ ಒಂದು ಟವೆಲ್ ಒಣಗಿಸುವುದೇ ಸಾಹಸ. ಅಲ್ಲಿ ಇದು ದೊಡ್ಡ ಮಾತು.

ಆದರೆ ಬೆಂಕಿಯ ಹತ್ತಿರ ಅಕ್ರಿಲಿಕ್ ಬೇಡ. ಕಿಡಿ ತಾಗಿದರೆ ಅದು ಕರಗುತ್ತದೆ, ಕರಗಿದ್ದು ಚರ್ಮಕ್ಕೆ ಅಂಟುತ್ತದೆ. ಉಣ್ಣೆ ಹಾಗಲ್ಲ. ಬೇಗ ಹೊತ್ತಿಕೊಳ್ಳುವುದಿಲ್ಲ, ಕಿಡಿ ಬಿದ್ದರೂ ಸುಟ್ಟ ಕೂದಲಿನ ವಾಸನೆ ಬಂದು ಆರುತ್ತದೆ. ಬಚ್ಚಲೊಲೆ, ಅಡಿಕೆ ಬೇಯಿಸುವ ಒಲೆಯ ಮುಂದೆ ದಿನ ಕಳೆಯುವವರಿಗೆ ನಾನು ಉಣ್ಣೆಯನ್ನೇ ಹೆಣೆಯುತ್ತೇನೆ. ಅತ್ತೆಯದ್ದೂ ಉಣ್ಣೆಯೇ. ತನ್ನ ತೂಕದ ಮೂರರಲ್ಲಿ ಒಂದು ಪಾಲಿನಷ್ಟು ತೇವ ಹೀರಿದರೂ ಉಣ್ಣೆ ಒದ್ದೆ ಅನ್ನಿಸುವುದಿಲ್ಲ. ಇಬ್ಬನಿಯಲ್ಲಿ ಹಾಲು ಹಾಕಿ ಬರುವವರಿಗೆ ಅದರ ಸುಖ ಗೊತ್ತು.

ಯಾವ ಉಣ್ಣೆ ಅನ್ನುವುದೂ ಮುಖ್ಯ. 30 ಮೈಕ್ರಾನ್‌ಗಿಂತ ದಪ್ಪದ ಎಳೆಯ ತುದಿ ಚರ್ಮಕ್ಕೆ ಚುಚ್ಚುತ್ತದೆ. ಚಳ್ಳಕೆರೆ ಕಂಬಳಿ ಮಳೆಗೆ ರಾಜ, ಆದರೆ ಅದನ್ನು ಗಂಟಲಿಗೆ ಒತ್ತಿ ಹತ್ತು ನಿಮಿಷ ಕೂತು ನೋಡಿ. ಕುತ್ತಿಗೆಗೆ ಮೆರಿನೊದಂಥ ಸಣ್ಣ ಎಳೆಯ ಉಣ್ಣೆ ಬೇಕು. ಅಂಗಡಿಯಲ್ಲಿ ಉಂಡೆಯನ್ನು ಕೈಯಲ್ಲಿ ಹಿಸುಕಿ ನೋಡಬೇಡಿ, ಗಲ್ಲದ ಕೆಳಗೆ ಉಜ್ಜಿ ನೋಡಿ. ಅಂಗಡಿಯವರು ನಗಲಿ.

ಹತ್ತಿ ನೂಲು ಚುಚ್ಚುವುದಿಲ್ಲ, ಆದರೆ ಭಾರ, ಹಿಗ್ಗಿ ಜೋತು ಬೀಳುತ್ತದೆ. ಹತ್ತಿಯನ್ನು ಮಗ್ಗಕ್ಕೆ ಬಿಡುವುದು ಮೇಲು. ಹೆಗ್ಗೋಡಿನ ಚರಕ ಮಹಿಳಾ ಸಹಕಾರ ಸಂಘದವರು ಅಡಿಕೆ ಚೊಗರಿನ (ಅಡಿಕೆ ಬೇಯಿಸಿ ಉಳಿದ ಕೆಂಪು ನೀರಿನ) ಬಣ್ಣ ಹಾಕಿದ ಹತ್ತಿ ಬಟ್ಟೆ ನೇಯುತ್ತಾರೆ. ಅದನ್ನು ನೋಡಿಯೇ ನನಗೆ ಬಿಳಿ ಉಣ್ಣೆಗೆ ಚೊಗರು ಹಾಕುವ ಯೋಚನೆ ಬಂದದ್ದು. ಲಡಿಯನ್ನು ಪಟಿಕದ ನೀರಲ್ಲಿ ನೆನೆಸಿ, ಅರ್ಧವನ್ನು ಚೊಗರಿನ ನೀರಲ್ಲಿ ಮುಳುಗಿಸಿ, ಇನ್ನರ್ಧವನ್ನು ಹೊರಗೆ ಬಿಟ್ಟೆ. ಕಂದಿನಿಂದ ಕೆನೆ ಬಣ್ಣದವರೆಗೆ ಬಂತು. ಹಳೇ ಕಬ್ಬಿಣದ ಪಾತ್ರೆ ಬಳಸಿದರೆ ಬಣ್ಣ ಕಪ್ಪಗಾಗುತ್ತದೆ, ಸ್ಟೀಲ್ ಪಾತ್ರೆ ಇರಲಿ.

ಉಣ್ಣೆ ಕೌಲ್ ಒಗೆಯುವುದು ಮಾತ್ರ ಮನೆಯವರಿಗೆಲ್ಲ ಹೇಳಿಕೊಡಬೇಕು. ನಮ್ಮಲ್ಲಿ ಒಂದನ್ನು ಹಂಡೆಯ ಬಿಸಿನೀರಲ್ಲಿ ಅದ್ದಿ, ಒಗೆಯುವ ಕಲ್ಲಿನ ಮೇಲೆ ತಿಕ್ಕಿದರು. ಯಾರು ಅಂತ ಹೇಳುವುದಿಲ್ಲ, ಮನೆಯಲ್ಲಿ ನೆಮ್ಮದಿ ಬೇಕು. ಅದು ಗಟ್ಟಿಯಾಗಿ, ಕುಗ್ಗಿ, ಚೊಂಬಿಗೆ ಹಾಕುವ ಅಂಗಿಯ ಹಾಗಾಯಿತು. ತಣ್ಣೀರು, ಸ್ವಲ್ಪ ಅಂಟುವಾಳದ ನೊರೆ, ಉಜ್ಜದೆ ಒತ್ತುವುದು, ಟವೆಲಿನಲ್ಲಿ ಸುತ್ತಿ ಹಿಂಡುವುದು, ಚಾಪೆಯ ಮೇಲೆ ಹರಡಿ ಒಣಗಿಸುವುದು. ನೇತು ಹಾಕಿದರೆ ಉದ್ದವಾಗುತ್ತದೆ. ಮಳೆಗಾಲಕ್ಕೆ ಎತ್ತಿಡುವಾಗ ಪೂರ್ತಿ ಒಣಗಿರಲಿ, ಇಲ್ಲದಿದ್ದರೆ ಬೂಸ್ಟು. ಜೊತೆಗೆ ನಾಲ್ಕು ನುಸಿಗುಳಿಗೆ.

ಅಳತೆ ಮತ್ತು ಕಡ್ಡಿ

60 ಸೆಂ.ಮೀ. ಸುತ್ತಳತೆ, 22 ಸೆಂ.ಮೀ. ಎತ್ತರ ಅಂದರೆ ಒಂದೇ ಸುತ್ತಿನ ಕೌಲ್. ನನ್ನ ಲೆಕ್ಕದಲ್ಲಿ ಸುಮಾರು 125 ಮೀಟರ್ ನೂಲು. 125 ಸೆಂ.ಮೀ. ಸುತ್ತಳತೆ, 16 ಸೆಂ.ಮೀ. ಎತ್ತರ ಅಂದರೆ ಎರಡು ಸುತ್ತು ಹಾಕಿಕೊಳ್ಳುವಂಥದ್ದು, ಸುಮಾರು 185 ಮೀಟರ್. 200 ಮೀಟರಿಗಿಂತ ಹೆಚ್ಚು ಇರುವ 100 ಗ್ರಾಂ ಉಂಡೆಯಲ್ಲಿ ಯಾವುದಾದರೂ ಒಂದು ಆಗುತ್ತದೆ. ಎರಡು ಸುತ್ತಿನದ್ದು ಬಣ್ಣವನ್ನು ಹೆಚ್ಚು ತೋರಿಸುತ್ತದೆ ನಿಜ. ಆದರೆ ಕೆಲಸ ಮಾಡುವ ಕೈಗೆ ಒಂದೇ ಸುತ್ತಿನದ್ದು ವಾಸಿ.

ಸರ್ಕ್ಯುಲರ್ ಕಡ್ಡಿ ಕೌಲ್‌ನ ಸುತ್ತಳತೆಗಿಂತ ಗಿಡ್ಡ ಇರಬೇಕು. ಸಣ್ಣದಕ್ಕೆ 40 ಸೆಂ.ಮೀ., ದೊಡ್ಡದಕ್ಕೆ 80 ಅಥವಾ 100. ಅಂಗಡಿಯಲ್ಲಿ ಹಳೇ ನಂಬರ್ ಹೇಳಿದರೆ ಗೊಂದಲ ಬೇಡ. 10 ನಂಬರ್ ಅಂದರೆ 3.25 ಮಿ.ಮೀ., 8 ಅಂದರೆ 4, 6 ಅಂದರೆ 5. ನಂಬರ್ ಇಳಿದ ಹಾಗೆ ಕಡ್ಡಿ ದಪ್ಪ. ಸೈಕಲ್ ಕಡ್ಡಿಯಲ್ಲಿ ಹೆಣಿಗೆ ಕಲಿತ ನಮ್ಮತ್ತೆಗೆ ಮಿಲಿಮೀಟರ್ ಲೆಕ್ಕ ಇವತ್ತಿಗೂ ಒಗ್ಗಿಲ್ಲ. ಎರಡು ಉಂಡೆ ತರುವುದಾದರೆ ಲಾಟ್ ನಂಬರ್ (ಒಂದೇ ಸಲ ಬಣ್ಣ ಹಾಕಿದ್ದರ ಗುರುತು) ಒಂದೇ ಇದೆಯಾ ನೋಡಿ. ಎರಡನೇ ಉಂಡೆಯನ್ನು ಮೊದಲನೆಯದು ಯಾವ ಬಣ್ಣದಲ್ಲಿ ಮುಗಿಯಿತೋ ಅಲ್ಲಿಂದಲೇ ಸೇರಿಸಿ. ಕೊನೆಯ ಸುತ್ತು ಮುಚ್ಚುವಾಗ ಒಂದು ಅಳತೆ ದಪ್ಪದ ಕಡ್ಡಿ ಹಿಡಿಯಿರಿ, ಇಲ್ಲದಿದ್ದರೆ ಕೌಲ್ ತಲೆ ದಾಟುವುದಿಲ್ಲ.

ನನ್ನನ್ನು ಕೇಳಿದರೆ

ಮೊದಲ ಸಲ ಹೆಣೆಯುವವರು ನಾಲ್ಕೈದು ಮಾರು ಓಡುವ ಬಣ್ಣದ ಅಕ್ರಿಲಿಕ್ ತಂದು, ಗಾರ್ಟರ್ ಪಟ್ಟಿ ಹೆಣೆದು, ಗುಂಡಿ ಹಾಕಿ. ಒಂದು ವಾರದ ಕೆಲಸ. ಯಾರಿಗಾದರೂ ಕೊಡಲು ಬೇಕು, ಕೊಟ್ಟಾಗ ಅವರ ಮುಖ ಅರಳಬೇಕು ಅನ್ನುವವರು ಮೆಲ್ಲಗೆ ಬದಲಾಗುವ ಮೆರಿನೊ ತಂದು ದುಂಡಗೆ ಬರೀ ಸೀದಾ ಹೆಣೆಯಿರಿ. ಮನೆಯಲ್ಲಿ ಗೇಣಿಗೊಂದು ಬಣ್ಣದ ಉಂಡೆ ಸುಮ್ನೆ ಬಿದ್ದಿದ್ದರೆ ಲಿನನ್ ಹೆಣಿಗೆ, ಇನ್ನೊಂದು ಮಾತೇ ಇಲ್ಲ.

ಅತ್ತೆಯ ನವಿಲುಗರಿ ಕೌಲ್ ಈಗ ಎರಡನೇ ಕೊಯ್ಲು ನೋಡುತ್ತಿದೆ. ಹಸಿ ಅಡಿಕೆಯ ಕಲೆ ಅದರ ಮೇಲೆ ಎಷ್ಟು ಬಿದ್ದಿದೆಯೋ, ಆ ಬಣ್ಣಗಳ ನಡುವೆ ಕಾಣುವುದಿಲ್ಲ. ಪಕ್ಕದ ಮನೆಯವರೂ ಅಂಥದ್ದೇ ಕೇಳಿದ್ದಾರೆ. ಮಾವನಿಗೂ ಒಂದು ಬೇಕಂತೆ. ಯಾವ ಬಣ್ಣ ಅಂತ ಕೇಳಿದೆ, ಕಪ್ಪು ಅಂದರು.